ಲಂಗರಿಗೊಂದು ಬೀಸುವ ಕಲ್ಲು

ನಮ್ಮ ಮನೆಯ ಬಾಲ್ಕನಿಯಲ್ಲಿ, ಮನಿಪ್ಲಾಂಟಿನ ಕುಂಡದ ಪಕ್ಕಕ್ಕೆ, ಬೀಸುವ ಕಲ್ಲಿನ ಕೆಳಗಿನ ಹೋಳೊಂದು ಒಂಟಿಯಾಗಿ ಕುಳಿತಿದೆ. ನಟ್ಟನಡುವಿನ ಕಬ್ಬಿಣದ ಗೂಟ ಸದಾ ಆಕಾಶವನ್ನೇ ನೋಡುತ್ತಿರುತ್ತದೆ. ಬೆಳಗಿನ ಹೊತ್ತು ನನ್ನ ಯಜಮಾನರು ಅದರ ಮೇಲೆ ಚಹಾದ ಲೋಟವಿಟ್ಟು ಪತ್ರಿಕೆ ಓದುತ್ತಾರೆ. ಗೂಟಕ್ಕೆ ತಗುಲಿ ಲೋಟ ಉರುಳಿದ ದಿನ ಕಲ್ಲಿಗೂ ನನಗೂ ಒಟ್ಟಿಗೆ ಬೈಗುಳ ಸಲ್ಲುತ್ತದೆ. ಮನೆಗೆ ಬಂದವರಂತೂ ಅದನ್ನು ಕಂಡೊಡನೆ ತಪ್ಪದೆ ಕೇಳುವುದು ಒಂದೇ ಪ್ರಶ್ನೆ: ‘ಮೇಲಿನ ಹೋಳು ಎಲ್ಲಿ?’ ಬೇಗೂರು ಕೆರೆಯ ತಳದಲ್ಲಿದೆ ಎಂದರೆ ನಗುತ್ತಾರೆ. ನೀವೂ ನಕ್ಕಿರಬಹುದು, ಅದಕ್ಕೇ ಈ ಕಥೆಯನ್ನು ಮೊದಲಿನಿಂದ ಹೇಳುತ್ತೇನೆ.

ತೊಂಬತ್ತರ ದಶಕದಲ್ಲಿ ನಾವು ಗದಗಿನ ಕಡೆಯಿಂದ ಬಂದು ಬಿಟಿಎಂ ಲೇಔಟಿನಲ್ಲಿ ಸಂಸಾರ ಹೂಡಿದಾಗ, ನಮ್ಮವ್ವ ರಾತ್ರಿ ಬಸ್ಸಿನ ಡಿಕ್ಕಿಯಲ್ಲಿ ಹಾಕಿ ಕಳಿಸಿದ ಆಸ್ತಿ ಈ ಕಲ್ಲು. ಆ ಹೊತ್ತಿಗಾಗಲೇ ನಮ್ಮೂರಲ್ಲೂ ಜೋಳ ಗಿರಣಿಗೆ ಹೋಗುತ್ತಿತ್ತು, ನನ್ನ ಅಡುಗೆಮನೆಗೆ ಮಿಕ್ಸಿ ಬಂದಿತ್ತು. ಬೀಸುವುದಕ್ಕೆಂದು ಅವ್ವ ಅದನ್ನು ಕೊಟ್ಟಿರಲಿಲ್ಲ. ಅವಳದೊಂದು ಕಟ್ಟಳೆಯಿತ್ತು: ಹೊಸ ಮನೆ ಹೊಕ್ಕ ದಿನ, ಹಾಲು ಉಕ್ಕಿಸುವುದಕ್ಕೂ ಮೊದಲು, ಆ ಮನೆಯಲ್ಲಿ ಒಂದು ಹಿಡಿ ಜೋಳ ಬೀಸಬೇಕು. “ಕಲ್ಲಿನ ಸಪ್ಪಳ ಕೇಳಿದ ಮ್ಯಾಲೇ ಮನಿ ನಮ್ಮನ್ನ ಗುರ್ತ ಹಿಡೀತೈತಿ. ಎರಡೂ ಹೋಳು ಎಂದೂ ಅಗಲಿಸಬ್ಯಾಡ ನೋಡವಾ,” ಎಂದಿದ್ದಳು. ಒಂದು ಮನೆಯಲ್ಲಿ ಹುಟ್ಟಿ, ಇನ್ನೊಂದಕ್ಕೆ ಮದುವೆಯಾಗಿ ಹೋಗಿ, ಅಲ್ಲಿಯೇ ಇರುವ ಹೆಂಗಸಿಗೆ ಇಂಥ ಕಟ್ಟಳೆ ಸಲೀಸು. ಹನ್ನೊಂದು ತಿಂಗಳಿಗೊಮ್ಮೆ ಬಾಡಿಗೆ ಕರಾರು ಮುಗಿಯುವ ಊರು ಭೂಮಿಯ ಮೇಲೆ ಇದೆಯೆಂದು ಅವಳಿಗೆ ಹೇಗೆ ಗೊತ್ತಿರಬೇಕು?

ಹೀಗೆ ನಾವು ಬಿಟಿಎಮ್ಮಿನ ಒಂದು ಹಂತದಿಂದ ಇನ್ನೊಂದಕ್ಕೆ, ಅಲ್ಲಿಂದ ಹಿಂದಿನ ಬೀದಿಗೆ, ಆ ಬೀದಿಯಿಂದ ಮುಂದಿನ ತಿರುವಿಗೆ ಮನೆ ಬದಲಿಸುತ್ತ, ಹೋದಲ್ಲೆಲ್ಲ ಒಂದು ಹಿಡಿ ಜೋಳ ಬೀಸುತ್ತ ಬಂದೆವು. ಒಬ್ಬ ಓನರಿನ ಮಗಳಿಗೆ ಬಾಣಂತನ, ಇನ್ನೊಬ್ಬರಿಗೆ ವಾಸ್ತುದೋಷ. ಕಾರಣಗಳು ಬೇರೆಯಾದರೂ ಟೆಂಪೊ ಅದೇ. ಸಾಮಾನು ಹೊರುವವರು ಬೀರುವನ್ನೂ ಮಂಚವನ್ನೂ ನಗುತ್ತಲೇ ಹೊತ್ತು, ಮೂಲೆಯಲ್ಲಿ ಸಾಧುವಾಗಿ ಕುಳಿತ ಕಲ್ಲನ್ನು ಉದಾಸೀನದಿಂದ ಒಂದೇ ಕೈಯಲ್ಲಿ ಎತ್ತಲು ಹೋಗಿ, ಸೊಂಟ ಹಿಡಿದುಕೊಂಡು, “ಇದೇನಕ್ಕಾ ಇದು, ದೇವಸ್ಥಾನ ಕಟ್ತಿದೀರಾ?” ಎಂದು ಕೇಳುತ್ತಿದ್ದರು. ಯಜಮಾನರು ನನ್ನತ್ತ ನೋಡುತ್ತಿದ್ದರು. ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ.

ಕಡೆಗೊಮ್ಮೆ ಮುನಿರಾಜಪ್ಪನವರ ಮಹಡಿ ಮನೆ ಸಿಕ್ಕಿತು. ಅವರು ಮೂಲತಃ ಬೇಗೂರಿನವರು. ರಾಗಿ ಬೆಳೆಯುತ್ತಿದ್ದ ಹೊಲ ಲೇಔಟಾದ ಮೇಲೆ ಮನೆಗಳನ್ನು ಬೆಳೆಯಲು ಕಲಿತವರು. ಕೆಳಗೆ ಅವರು, ಮೇಲೆ ನಾವು. ಅವರ ಹೆಂಡತಿ ಬಸ್ಸಾರು ಕೊಟ್ಟ ಬಟ್ಟಲಿನಲ್ಲಿ ನಾನು ಶೇಂಗಾ ಹಿಂಡಿ ತುಂಬಿ ಮರಳಿಸುತ್ತಿದ್ದೆ. ಬಾಲ್ಕನಿಗೆ ಬೇವಿನ ಕೊಂಬೆಯೊಂದು ಬಾಗಿತ್ತು, ಮಗಳ ಶಾಲೆ ಎರಡು ತಿರುವಿನಾಚೆ ಇತ್ತು. ನನಗೆ ಆ ಮನೆ ಮನಸ್ಸಿಗೆ ಹತ್ತಿಬಿಟ್ಟಿತು. ಬಾಡಿಗೆಯವರು ಮಾಡಬಾರದ ತಪ್ಪು ಅದೊಂದೇ. ನೋಡುತ್ತಿದ್ದಂತೆ ಕರಾರು ಮುಗಿಯುತ್ತ ಬಂತು. ಮುನಿರಾಜಪ್ಪನವರು ಮೆಟ್ಟಿಲ ಮೇಲೆ ನಿಂತು, ನೆಲ ನೋಡುತ್ತ, “ಗಣೇಶನ ಹಬ್ಬ ಮುಗೀಲಿ ಮೇಡಂ, ಆಮೇಲೆ ಬೇರೆ ಮನೆ ನೋಡ್ಕೊಳ್ಳಿ. ಅಳಿಯ ಬರ್ತಾವ್ನೆ,” ಎಂದರು. ಆ ರಾತ್ರಿ ನಾನು ಊಟ ಮಾಡಲಿಲ್ಲ. ಹಸಿವಿಲ್ಲ ಎಂದು ಹೇಳಿದೆನಾದರೂ ಇದ್ದದ್ದು ಸಿಟ್ಟು ಮತ್ತು ಅಳು.

ಆದರೆ ಆ ದಿನಗಳಲ್ಲಿ ಮುನಿರಾಜಪ್ಪನವರಿಗೆ ಅಳಿಯನಿಗಿಂತ ದೊಡ್ಡ ಚಿಂತೆಯೊಂದಿತ್ತು. ಊರ ಗಣೇಶನನ್ನು ದೋಣಿಯಲ್ಲಿ ಬೇಗೂರು ಕೆರೆಯ ನಡುವೆ ಒಯ್ದು ಬಿಡುವುದು ಅವರ ಮನೆತನದ ಹಕ್ಕು. ಹಿಂದಿನ ವರ್ಷ ಭಾದ್ರಪದದ ಗಾಳಿಗೆ ದೋಣಿ ನಿಂತಲ್ಲಿ ನಿಲ್ಲದೆ ತಿರುಗಿ, ಮಂಗಳಾರತಿ ಮುಗಿಯುವ ಮುನ್ನವೇ ದೇವರು ಮುಗ್ಗರಿಸಿ ನೀರಿಗೆ ಬಿದ್ದಿದ್ದ. “ಊರೆಲ್ಲಾ ನಗಾಡ್ಬಿಟ್ರು ಸಾರ್,” ಎಂದು ಅವರು ನಮ್ಮ ಯಜಮಾನರ ಮುಂದೆ ಹೇಳಿಕೊಂಡರು. “ಈ ಸಲನೂ ಹಂಗೇ ಆದ್ರೆ ಮುಂದಿನ ವರ್ಷದಿಂದ ದೋಣಿ ಬೇರೆಯೋರಿಗೆ ಕೊಡ್ತಾರಂತೆ.”

ದೋಣಿಗೆ ಲಂಗರು ಇರಲಿಲ್ಲವೆಂದಲ್ಲ. ಅವರ ಲಂಗರು ಯಾವುದೆಂದರೆ ಹಿತ್ತಿಲ ಬಾವಿಯ ಪಾತಾಳಗರಡಿ. ಹಗ್ಗ ಹರಿದು ಬಾವಿಗೆ ಬಿದ್ದ ಬಿಂದಿಗೆಯನ್ನು ಎತ್ತುವ, ಸುತ್ತ ಕೊಕ್ಕೆಗಳಿರುವ ಆ ಕಬ್ಬಿಣದ ಗೊಂಚಲನ್ನು ನೀವೂ ಕಂಡಿರುತ್ತೀರಿ. ಕೊಳವೆಬಾವಿ ಬಂದ ಮೇಲೆ ಬಾವಿ ಮುಚ್ಚಿತು, ಗರಡಿ ನಿರುದ್ಯೋಗಿಯಾಯಿತು. ಕೊಕ್ಕೆಯಿದೆ, ಹಗ್ಗವಿದೆ, ನೀರಿನ ಅನುಭವವಿದೆ. ಲಂಗರಿನ ಹುದ್ದೆಗೆ ಇನ್ನೇನು ಬೇಕು ಎಂದು ಅದನ್ನೇ ನೇಮಿಸಿಕೊಂಡಿದ್ದರು. ಪಾಪ, ಬದುಕಿಡೀ ಅದು ಕಲಿತದ್ದು ನೀರಿಗಿಳಿದ ಮೇಲೆ ಮೇಲೆ ಬರುವುದನ್ನು. ಕೆರೆಯಲ್ಲೂ ಹಾಗೇ ಮಾಡುತ್ತಿತ್ತು. ಗಾಳಿ ದೋಣಿಯನ್ನು ದೂಡಿ ಹಗ್ಗ ಬಿಗಿದ ಕೂಡಲೇ ಒಂದಿಷ್ಟು ತಾವರೆ ದಂಟನ್ನು ಕಿತ್ತುಕೊಂಡು ಅದು ನಿಷ್ಠೆಯಿಂದ ಎದ್ದು ಬರುತ್ತಿತ್ತು.

ಇಲ್ಲಿ ನಮ್ಮ ಯಜಮಾನರ ಪಾಂಡಿತ್ಯವನ್ನು ತಿಳಿಸಬೇಕು. ಮಾವನವರ ವರ್ಗಾವಣೆಯಿಂದಾಗಿ ಅವರು ಕಾರವಾರದಲ್ಲಿ ಕೆಲಕಾಲ ಶಾಲೆಗೆ ಹೋಗಿದ್ದರು. ಈಜು ಬಾರದು, ದೋಣಿ ಹತ್ತಿದವರಲ್ಲ. ಆದರೂ ಸಮುದ್ರದ ವಿಷಯ ಬಂದರೆ ಮನೆಯಲ್ಲಿ ಬೇರೆ ಯಾರೂ ಬಾಯಿ ತೆರೆಯುವಂತಿಲ್ಲ. ಆ ಭಾನುವಾರ ಮುನಿರಾಜಪ್ಪನವರನ್ನು ಊಟದ ಮೇಜಿನ ಮುಂದೆ ಕೂರಿಸಿ, ನನ್ನ ಹಾಸಿಗೆಯ ಚಾದರವನ್ನು ಕೆರೆಯ ತಳವೆಂದು ಹಾಸಿ, ತಟ್ಟೆಯನ್ನು ದೋಣಿ ಮಾಡಿ, ಹೂಕಟ್ಟುವ ದಾರದ ತುದಿಗೆ ನನ್ನ ಹೇರ್‌ಪಿನ್ನನ್ನು ಬಗ್ಗಿಸಿ ಕಟ್ಟಿದರು. ತಟ್ಟೆಯನ್ನು ಎತ್ತಿ ಎಳೆದರೆ ಪಿನ್ನು ಸುಲಭವಾಗಿ ಎದ್ದು ಬಂತು. ಆಮೇಲೆ ಬಾಗಿಲ ಬೀಗವನ್ನು ದಾರಕ್ಕೆ ಪೋಣಿಸಿ ನಡುವಿಗೆ ಜಾರಿಸಿದರು. ಬೀಗದ ಭಾರಕ್ಕೆ ದಾರ ಚಾದರದತ್ತ ಬಾಗಿತು. ಈಗ ಎಳೆದರೆ ಪಿನ್ನನ್ನು ದಾರ ಮೇಲಕ್ಕೆತ್ತದೆ ಅಡ್ಡಕ್ಕೆ ಎಳೆಯಿತು. ಪಿನ್ನು ಚಾದರಕ್ಕೆ ಕಚ್ಚಿ ನಿಂತು, ಎಳೆದಷ್ಟೂ ಬಿಗಿಯಾಗಿ, ಕೊನೆಗೆ ಚಾದರವೇ ಹರಿಯಿತು.

“ಸಖತ್ ಸಾರ್!” ಎಂದರು ಮುನಿರಾಜಪ್ಪ. “ಹಂಗಾದ್ರೆ ದೋಣಿ ನಿಲ್ಸೋದು ಬೀಗಾನಾ?”

“ಅಲ್ಲರೀ, ನಿಲ್ಸೋದು ಕೊಕ್ಕೀನ. ಭಾರ ಇದ್ರ ಹಗ್ಗ ಕೆಳಗಿರತೈತಿ, ಕೊಕ್ಕಿಗೆ ತನ್ನ ಕೆಲಸ ಮಾಡಾಕ ಆಗತೈತಿ. ಗಾಳಿ ಜಗ್ಗಿದ್ರೂ ಪೆಟ್ಟು ಮೊದಲು ಈ ಭಾರಕ್ಕ ಬೀಳತೈತಿ.”

ಮುಂದಿನ ದಿನಗಳಲ್ಲಿ ಬಂಡೆ ಕಟ್ಟಿ ನೋಡಿದರು; ಹಗ್ಗದಿಂದ ಜಾರಿ ಹೋಯಿತು. ಮರಳಿನ ಚೀಲ ಕಟ್ಟಿದರು, ಕೆರೆಯಲ್ಲಿ ಒಡೆಯಿತು. ಹಗ್ಗ ಒಳಗೆ ಹಾಯುವಂಥ, ಗುಂಡಗಿನ, ತೂಕದ, ನಡುವೆ ತೂತಿರುವ ವಸ್ತುವೊಂದು ಬೇಕಿತ್ತು. ಹಬ್ಬದ ಮುನ್ನಾದಿನ ಯಜಮಾನರು ಅಡುಗೆಮನೆಯ ಮೂಲೆಯ ಮುಂದೆ ಬಹಳ ಹೊತ್ತು ನಿಂತರು. “ಏ, ಇದಕ್ಕ ತೂತೈತಿ ನೋಡು,” ಎಂದರು.

ಬೀಸುವ ಕಲ್ಲಿನ ಮೇಲಿನ ಹೋಳಿನಲ್ಲಿ ಜೋಳ ಸುರಿಯುವ ತೂತು ಅದು. ಅದರೊಳಗೆ ಲಂಗರಿನ ಹಗ್ಗ ಹಾಯಿಸುವ ಮಾತು ಕೇಳಿ ನಾನು ಕಲ್ಲಿಗೆ ಅಡ್ಡ ನಿಂತೆ. ಎರಡೂ ಹೋಳು ಅಗಲಿಸಬ್ಯಾಡ ಎಂದ ಅವ್ವನ ದನಿ ಒಂದು ಕಿವಿಯಲ್ಲಿ, ಬೇರೆ ಮನೆ ನೋಡ್ಕೊಳ್ಳಿ ಎಂದ ಓನರಿನ ದನಿ ಇನ್ನೊಂದರಲ್ಲಿ. ನಾನು ಕೊಟ್ಟೆ. ಭಕ್ತಿಯಿಂದ ಕೊಟ್ಟೆನೆಂದು ಹೇಳಿದರೆ ಗಣೇಶನೇ ನಕ್ಕಾನು. ಆ ಬೇವಿನ ಕೊಂಬೆಗಾಗಿ, ಆ ಬಸ್ಸಾರಿನ ಬಟ್ಟಲಿಗಾಗಿ, ಮತ್ತೊಮ್ಮೆ ಟೆಂಪೊ ಹತ್ತಬಾರದೆಂಬ ಆಸೆಗಾಗಿ ಕೊಟ್ಟೆ. ವಿಸರ್ಜನೆ ಮುಗಿದೊಡನೆ ಮರಳಿ ತರಬೇಕು ಎಂದು ಷರತ್ತು ಹಾಕಿದೆ.

ವಿಸರ್ಜನೆಯ ಸಂಜೆ ಕೆರೆಯ ಏರಿಯ ಮೇಲೆ ಊರೇ ನೆರೆದಿತ್ತು. ಮುನಿರಾಜಪ್ಪ, ಅವರ ತಮ್ಮ, ಹಲಗೆಯ ಮೇಲೆ ಗಣೇಶ, ಹಿಂದೆ ಎರಡೂ ಕೈಯಿಂದ ದೋಣಿಯ ಅಂಚನ್ನು ಬಿಗಿಹಿಡಿದು ಕಣ್ಣು ಅರೆಮುಚ್ಚಿದ ಕಾರವಾರದ ತಜ್ಞರು. ನಡುಕೆರೆಯಲ್ಲಿ ಗರಡಿ ಇಳಿಯಿತು. ಅದರ ಹಗ್ಗದ ಮೇಲೆ, ಬೇರೊಂದು ಸಣ್ಣ ಹಗ್ಗದ ಹಿಡಿತದಲ್ಲಿ, ನಮ್ಮವ್ವನ ಕಲ್ಲು ಜಾರುತ್ತ ನೀರೊಳಗೆ ಹೋಯಿತು. ಗಾಳಿ ಬಂತು. ದೋಣಿ ಒಂದು ಮೊಳ ಹಿಂದೆ ಸರಿಯಿತು, ತಡೆಯಿತು, ಮೂಗನ್ನು ಗಾಳಿಗೆ ತಿರುಗಿಸಿ ನಿಂತಿತು. ಸುತ್ತ ತೆರೆಗಳು ಓಡುತ್ತಿದ್ದರೂ ಅದು ಅಲ್ಲಾಡದೆ ನಿಂತದ್ದನ್ನು ಕಂಡು ನನ್ನ ಕಣ್ಣಲ್ಲಿ ನೀರು ಬಂತು. ಆರತಿಯಾಯಿತು, ಗಣೇಶ ಬೆನ್ನು ನೆಟ್ಟಗಿಟ್ಟುಕೊಂಡೇ ಮುಳುಗಿದ, ಏರಿಯ ಮೇಲೆ ಜಯಕಾರವೆದ್ದಿತು.

ಆಮೇಲೆ ದೋಣಿ ಬರಲಿಲ್ಲ. ಎಳೆದರು, ಜಗ್ಗಿದರು, ಈ ಕಡೆ ಆ ಕಡೆ ಹುಟ್ಟು ಹಾಕಿ ನೋಡಿದರು. ಬದುಕಿಡೀ ಮೇಲೆ ಬರುವುದನ್ನೇ ಕಲಿತಿದ್ದ ಪಾತಾಳಗರಡಿ, ಕಲ್ಲಿನ ಸಹವಾಸದಲ್ಲಿ ಹೊಸ ಬುದ್ಧಿ ಕಲಿತು, ತಳದ ಯಾವುದೋ ಬೇರನ್ನು ಕಚ್ಚಿ ಕುಳಿತಿತ್ತು. ಜಾರಿದ ಕಲ್ಲೂ ಅದರ ಮೇಲೆಯೇ ಹೋಗಿ ಕೆಸರಲ್ಲಿ ಹೂತಿತ್ತು. ಕತ್ತಲಾಗುತ್ತ ಬಂದಿತ್ತು, ಜನ ಪ್ರಸಾದಕ್ಕೆ ಕಾದಿದ್ದರು. ಮುನಿರಾಜಪ್ಪನವರ ತಮ್ಮ ಎರಡೂ ಹಗ್ಗ ಕೊಯ್ದ. ನೀರಿಗೆ ಬಿದ್ದದ್ದನ್ನು ಎತ್ತುವ ಸಾಧನವೇ ನೀರಿಗೆ ಬಿದ್ದ ಮೇಲೆ ಯಾರನ್ನು ಏನು ಕೇಳುವುದು? ದಡಕ್ಕೆ ಬಂದ ಮುನಿರಾಜಪ್ಪನವರು ನನ್ನ ಮುಂದೆ ಕೈಮುಗಿದು, “ತಪ್ಪಾಯ್ತಮ್ಮ, ನಿಮ್ ಕಲ್ಲು ಹೋಯ್ತು. ನಮ್ ಮಾನ ಉಳೀತು. ಅಳಿಯಂಗೆ ಬೇರೆ ಕಡೆ ಮನೆ ಮಾಡ್ಕೊಡ್ತೀನಿ, ನೀವೆಲ್ಲೂ ಹೋಗ್ಬೇಡಿ,” ಎಂದರು. ಮೊದಲ ಬಾರಿಗೆ ಅವರ ಬಾಯಲ್ಲಿ ಮೇಡಂ ಹೋಗಿ ಅಮ್ಮ ಬಂದಿತ್ತು.

ಲೋಕದಲ್ಲಿ ಲಂಗರಿಗೆ ಸಿಗುವ ಮರ್ಯಾದೆ ಈ ನಡುವಿನ ಭಾರಕ್ಕೆ ಸಿಗುವುದಿಲ್ಲ. ನಾವೂ ರೇಷನ್ ಕಾರ್ಡು, ಗ್ಯಾಸ್ ಸಂಪರ್ಕ, ಮಗಳ ಶಾಲೆ ಇವೇ ನಮ್ಮನ್ನು ಈ ಊರಿಗೆ ಹಿಡಿದಿಡುವ ಕೊಕ್ಕೆಗಳೆಂದು ನಂಬಿದ್ದೆವು. ಓನರು ಮೆಟ್ಟಿಲ ಮೇಲೆ ನಿಂತು ಒಂದು ಮಾತು ಹೇಳಿದರೆ ಸಾಕು, ಎಲ್ಲವೂ ತಾವರೆ ದಂಟಿನೊಡನೆ ಎದ್ದು ಬರುತ್ತಿದ್ದವು. ಅವನ್ನು ನೆಲಕ್ಕೆ ಒತ್ತಿ ಹಿಡಿಯಲು ಬೇಕಾದದ್ದು ಒಂದು ನಿರುಪಯೋಗಿ ಭಾರ: ಟೆಂಪೊದವರು ಶಪಿಸಿದ್ದು, ಗಂಡ ಮಾರಿಬಿಡೋಣವೆಂದದ್ದು, ನಾನೇ ಎಷ್ಟೋ ಸಲ ಅವ್ವನ ಹಟವೆಂದು ಗೊಣಗಿದ್ದು. ಭಾರ ಹೊತ್ತವರಿಗೆ ಅದರ ಬೆಲೆ ಗೊತ್ತಾಗುವುದು ಅದು ಕೈತಪ್ಪಿದ ಮೇಲೆಯೇ ಇರಬೇಕು.

ದೀಪಾವಳಿಗೆ ಅವ್ವ ಬಂದಳು. ನಾನು ಹೆದರಿದ್ದೆ, ಅವಳು ಚಪ್ಪಲಿ ಬಿಡುವ ಮುನ್ನವೇ ಎಲ್ಲ ಹೇಳಿ ಮುಗಿಸಿದೆ. ಅವಳು ಕೆಳಗಿನ ಹೋಳನ್ನು ಒಮ್ಮೆ ಸವರಿ ನೋಡಿದಳು. “ನನ್ನ ಆ ಕೆರಿಗೆ ಕರಕೊಂಡು ನಡಿ,” ಎಂದಳು. ಸೆರಗಿನ ತುದಿಯಲ್ಲಿ ಏನನ್ನೋ ಗಂಟು ಕಟ್ಟಿಕೊಂಡಿದ್ದನ್ನು ನಾನು ಗಮನಿಸಿದ್ದು ಏರಿಯ ಮೇಲೆ ನಿಂತಾಗಲೇ. ಗಂಟು ಬಿಚ್ಚಿ ಒಂದು ಹಿಡಿ ಜೋಳ ತೆಗೆದು, ನೀರಿಗೆ ಚೆಲ್ಲಿದಳು.

“ದೋಣಿ ನಿಂತಿತ್ತೇನ?”

“ನಿಂತಿತ್ತವ್ವಾ.”

“ನೀವೂ ನಿಂತಿರಿ?”

“ನಿಂತ್ವಿ.”

“ಮತ್ಯಾಕ ಅಳತಿ? ಕಲ್ಲು ಅಲ್ಲೈತಿ, ಮನಿ ಇಲ್ಲೈತಿ. ಸಪ್ಪಳ ನಮಗ ಕೇಳೂದಿಲ್ಲ ಅಷ್ಟ.”

ಅಂದಿನಿಂದ ನಾವು ಆ ಮನೆ ಬಿಟ್ಟಿಲ್ಲ. ಈಚೆಗೆ ಯಜಮಾನರು ತಲಘಟ್ಟಪುರದ ಕಡೆಯ ಸೈಟುಗಳ ಕರಪತ್ರ ತಂದು ಚಹಾದ ಲೋಟದ ಪಕ್ಕ ಹರಡುತ್ತಾರೆ. ಒಂದು ಹಿಡಿ ಜೋಳ ಬೀಸದೆ ಹೊಸ ಮನೆ ಹೊಗುವಂತಿಲ್ಲ, ಬೀಸಲು ಕಲ್ಲಿಲ್ಲ, ಕಲ್ಲನ್ನು ಕೆರೆಗೆ ಹಾಕಿದವರು ನೀವೇ ಎಂದು ನಾನು ನೆನಪಿಸುತ್ತೇನೆ. ಕರಪತ್ರ ಮಡಚಿಕೊಳ್ಳುತ್ತದೆ. ಅವ್ವ ಈಗ ಇಲ್ಲ. ಮೊನ್ನೆ ಮನೆಗೆ ಬಂದ ಪಕ್ಕದ ಬೀದಿಯ ಹೊಸ ಸೊಸೆ ಬಾಲ್ಕನಿಗೆ ಹೋಗಿ, ಗೂಟದ ಮೇಲೆ ಬೆರಳಿಟ್ಟು, “ಆಂಟಿ, ಇದರ ಮೇಲಿಂದು ಎಲ್ಲಿ?” ಎಂದು ಕೇಳಿದಳು.

“ಕೆಲಸದ ಮೇಲೆ ಹೋಗಿದೆಯಮ್ಮಾ,” ಎಂದೆ. “ಇನ್ನೂ ಮುಗಿದಿಲ್ಲ.”