ಮೂವರು ‘ಮನೋಡು’, ಒಂದೇ ವೋಟು

‘ಮೇಡಮ್ಮೋರೇ, ಮನೋಡು ಗೆಲ್ಚಿನಾಡು!’

ಫಲಿತಾಂಶದ ದಿನ ಊಟದ ಹೊತ್ತಿಗೆ ಬಂದ ಫೋನು. ಆ ಕಡೆ ನಮ್ಮ ಶಾಲೆಯ ಹಳೆಯ ಹೆಡ್‌ಮಾಸ್ಟರು. ಮುರಿದ ಮುದ್ದೆಯನ್ನು ತಟ್ಟೆಗೇ ಬಿಟ್ಟು, ‘ನಾನ್ ಮೊದ್ಲೇ ಹೇಳಿರ್ಲಿಲ್ವಾ ಸಾರ್?’ ಎಂದು ಕೂಗಿದೆ. ಅವರು ನಕ್ಕರು. ನಾನೂ ನಕ್ಕೆ. ‘ಸ್ವೀಟು ಯಾವಾಗ ಸಾರ್?’ ಅಂತ ಬೇರೆ ಕೇಳಿದೆ.

ಫೋನಿಟ್ಟ ಮೇಲೆ ನಮ್ಮ ಮನೆಯವರು ಕೇಳಿದರು, ‘ಗೆದ್ದಿದ್ದು ಯಾರಂತೆ?’

‘ಗೊತ್ತಿಲ್ಲ.’

ನಗಬೇಡಿ. ನಿಜವಾಗಿಯೂ ಗೊತ್ತಿರಲಿಲ್ಲ.

‘ಮನೋಡು’ ಅಂದರೆ ತೆಲುಗಿನಲ್ಲಿ ‘ನಮ್ಮವನು’. ನಮ್ಮ ಚಿಂತಾಮಣಿಯಲ್ಲಿ ಕನ್ನಡ ಮಾತಾಡುತ್ತಾ ಮಾತಾಡುತ್ತಾ ಯಾವಾಗ ತೆಲುಗಿಗೆ ಹೊರಳಿದೆವು ಅಂತ ನಮಗೇ ತಿಳಿಯುವುದಿಲ್ಲ. ಟೊಮೆಟೊ ಒಂದು ಹಿಡಿ ಜಾಸ್ತಿ ಹಾಕಿದವನು ಮನೋಡು, ಮುರುಗಮಲ್ಲದ ಬಸ್ಸಲ್ಲಿ ಸೀಟು ಹಿಡಿದುಕೊಟ್ಟವನೂ ಮನೋಡು. ಈ ಪದದ ದೊಡ್ಡ ಗುಣ ಏನು ಗೊತ್ತಾ? ಅದರಲ್ಲಿ ಹೆಸರಿಲ್ಲ, ಪಕ್ಷವಿಲ್ಲ, ಚಿಹ್ನೆಯಿಲ್ಲ. ವೋಟು ಕೇಳಲು ಯಾರೇ ಬಾಗಿಲಿಗೆ ಬರಲಿ, ‘ನಮ್ಗೇ ಹಾಕ್ತೀರಲ್ಲ ಮೇಡಮ್?’ ಅಂದರೆ ನಾನು ‘ಮನೋಡೇ ಅಲ್ವಾ?’ ಅನ್ನುತ್ತೇನೆ. ಬಂದವರು ಖುಷಿಯಾಗಿ ಹೋಗುತ್ತಾರೆ. ಹಿಂದೆ ಅಸೆಂಬ್ಲಿ ಎಲೆಕ್ಷನ್ನಿನಲ್ಲಿ ನನಗೆ ಮೂವರು ಮನೋಡು ಇದ್ದರು. ಈ ಸಲ ಪಾರ್ಲಿಮೆಂಟಿಗೂ ಅಷ್ಟೇ ಜನ. ಇರುವುದು ಮಾತ್ರ ಒಂದು ವೋಟು.

(ಕೊನೆಗೆ ಯಾರಿಗೆ ಹಾಕಿದೆ ಅಂತ ಇಲ್ಲಿ ಬರೆಯುವುದಿಲ್ಲ. ಈ ಪತ್ರಿಕೆಯ ಸಂಪಾದಕರಿಗೂ ಮನೋಡು ಅಂತಲೇ ಹೇಳಿದ್ದೇನೆ.)

ಟಿವಿ ಹಾಕಿದೆ. ಆರು ಜನ ಕೂತು ಒಟ್ಟಿಗೇ ಅರಚುತ್ತಿದ್ದರು. ದೇಶದ ಮ್ಯಾಪು ಬಂತು, ರಾಜ್ಯದ ಮ್ಯಾಪು ಬಂತು. ದಿಲ್ಲಿಯಲ್ಲಿ ಯಾರು ಕೂರುತ್ತಾರೆ, ಬೆಂಗಳೂರಿನಲ್ಲಿ ಯಾರ ಕುರ್ಚಿ ಅಲ್ಲಾಡುತ್ತದೆ ಎಲ್ಲಾ ಗೊತ್ತಾಯಿತು. ನಮ್ಮ ಕ್ಷೇತ್ರ ಮಾತ್ರ ಕೆಳಗಿನ ಪಟ್ಟಿಯಲ್ಲಿ ಓಡಿ ಬಂದು, ನಾನು ಕನ್ನಡಕ ಏರಿಸುವಷ್ಟರಲ್ಲಿ ಓಡಿ ಹೋಯಿತು. ಎರಡನೇ ಸಲ ಅದೇ ಹೊತ್ತಿಗೆ ಸೋಪಿನ ಜಾಹೀರಾತು. ಮೂರನೇ ಸಲ ಹಿಡಿದೆ. ಹೆಡ್‌ಮಾಸ್ಟರ ಮನೋಡು ಯಾರು ಅಂತ ಆಗಲೇ ಗೊತ್ತಾಗಿದ್ದು!

ಅಭ್ಯಾಸಬಲದಿಂದ ಖುಷಿಪಟ್ಟೆ. ಆಮೇಲೆ ಹೊಳೆಯಿತು. ಹಾಗಾದರೆ ಎದುರುಮನೆ ವೆಂಕಟರವಣಪ್ಪನವರ ಮನೋಡು ಸೋತ!

ವೆಂಕಟರವಣಪ್ಪನವರಿಗೆ ಕೆಂಚಾರ್ಲಹಳ್ಳಿ ಕಡೆ ಹಿಪ್ಪುನೇರಳೆ ತೋಟ ಇದೆ, ರೇಷ್ಮೆ ಹುಳ ಸಾಕುತ್ತಾರೆ. ಎಲೆಕ್ಷನ್ ಬಂತೆಂದರೆ ಹುಳವನ್ನು ಹೆಂಡತಿಗೆ ಒಪ್ಪಿಸಿ ನಮ್ಮ ಬೀದಿಯ ಬೂತ್ ಏಜೆಂಟಾಗುತ್ತಾರೆ. ಎರಡು ದಿನ ಮುಖ ಕಾಣಿಸಲಿಲ್ಲ. ಮೂರನೆಯ ದಿನ ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಗೂಡು ಹಾಕಿ ಬಂದವರು, ತಮ್ಮ ಮನೆಗೂ ಹೋಗದೆ ನೇರ ನಮ್ಮ ಮನೆಗೆ ಬಂದರು. ಕಂಕುಳಲ್ಲಿ ಮತದಾರರ ಪಟ್ಟಿ.

‘ಮೇಡಮ್ಮೋರೇ, ನಮ್ ಬೂತಲ್ಲಿ ನಾನು ಗ್ಯಾರಂಟಿ ಅಂತ ಟಿಕ್ ಹಾಕಿದ್ದು ಇನ್ನೂರ ಎಪ್ಪತ್ತು. ಬಿದ್ದಿದ್ದು ತೊಂಬತ್ತೆರಡು. ಬಾಯಲ್ಲಿ ಹೂಂ ಅಂದು ಕೈ ಕೊಟ್ಟೋರು ಯಾರ್ಯಾರು ಅಂತ ಕಂಡಿಡೀಬೇಕು. ಮೂವತ್ತು ವರ್ಷ ಪೇಪರ್ ತಿದ್ದಿದೋರು ನೀವು. ಕಾಪಿ ಹೊಡ್ದೋನ ಮುಖ ನೋಡಿದ್ರೆ ಗೊತ್ತಾಗಲ್ವಾ ನಿಮ್ಗೆ?’

ಪಟ್ಟಿ ಬಿಡಿಸಿದರು. ನನ್ನ ಹೆಸರಿನ ಮುಂದೆ ಒಂದಲ್ಲ, ಎರಡು ಟಿಕ್ಕು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ಹೆಗಲು ಮುಟ್ಟಿಕೊಳ್ಳಲಿಲ್ಲ. ಒಳಗೆ ಹೋಗಿ ಕೆಂಪು ಪೆನ್ನು ತಂದೆ! ಕೂತು ತಿದ್ದಿದೆ ಕಣ್ರೀ, ನಾಚಿಕೆ ಇಲ್ಲದೆ. ‘ಈ ಮನೆಯೋರು ಡೌಟು’, ‘ಇವ್ಳು ಗಂಡ ಹೇಳಿದ್ದಕ್ಕೆ ಉಲ್ಟಾ ಹಾಕೋಳು’ ಅಂತ ಒಬ್ಬೊಬ್ಬರಿಗೂ ಷರಾ ಬರೆದೆ. ನಮ್ಮ ಮನೆಯವರು ಮೂಲೆಯಲ್ಲಿ ಪೇಪರು ಹಿಡಿದು ಕೂತಿದ್ದರು. ಪೇಪರು ಸಣ್ಣಗೆ ಅಲುಗಾಡುತ್ತಿತ್ತು. ನಗು ತಡೆಯುತ್ತಿದ್ದರು ಅಂತ ಕಾಣುತ್ತದೆ.

ಹೀಗೇ ಟೈಲರ್ ಅಶ್ವತ್ಥಪ್ಪನ ಹೆಸರಿಗೆ ಬಂದೆವು. ಅಲ್ಲಿ ಎಲೆಕ್ಷನ್ನಿಗೆ ಮುಂಚೆಯೇ ಕತ್ತರಿ ಗುರುತು ಬಿದ್ದಿತ್ತು.

‘ಇವನಿಗೆ ಎಷ್ಟು ಪೊಗರು ಗೊತ್ತಾ? ಮುಖಕ್ಕೇ ಹೇಳ್ದ, ಈ ಸಲ ನಿಮ್ಮೋನಿಗೆ ಹಾಕಲ್ಲಣ್ಣ, ಬೇಜಾರ್ ಮಾಡ್ಕೋಬ್ಯಾಡ ಅಂತ. ಬೀದಿನೆಲ್ಲಾ ಕೆಡಿಸಿದ್ದು ಇವನೇ.’

ಅಂದವರೇ ಚೀಲದಿಂದ ಒಂದು ಲಗ್ನಪತ್ರಿಕೆ ತೆಗೆದರು. ಮುಂದಿನ ತಿಂಗಳು ಅವರ ಮಗಳು ರೂಪಾಳ ಮದುವೆ, ನಮಗೆ ಆಗಲೇ ಪತ್ರಿಕೆ ಕೊಟ್ಟಾಗಿತ್ತು. ಈ ಪತ್ರಿಕೆಯ ಮೇಲೆ ಅಶ್ವತ್ಥಪ್ಪನ ಹೆಸರು ಬರೆದಿತ್ತು. ‘ಕೊಡಲ್ಲ ಇದನ್ನ. ಹರಿದಾಕ್ತೀನಿ. ಅವನು ನನ್ನ ಮಗಳ ಮದುವೇಲಿ ಕಾಲಿಡಂಗಿಲ್ಲ.’

ಇಬ್ಬರೂ ಮೂವತ್ತು ವರ್ಷದ ಸ್ನೇಹಿತರು. ರೂಪಾಳ ಮೊದಲ ಲಂಗ ಹೊಲಿದವನು ಅಶ್ವತ್ಥಪ್ಪ. ಅವಳಿಗೆ ಅವನು ಟೈಲರ್ ಚಿಕ್ಕಪ್ಪ. ಇಡೀ ಬೀದಿಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿದವನು ಅವನೊಬ್ಬನೇ. ಅವನಿಗೆ ಕತ್ತರಿ, ನನಗೆ ಎರಡು ಟಿಕ್ಕು, ಮೇಲೆ ಮೊದಲ ಪಂಕ್ತಿಯ ಊಟ. ಇದೆಂಥ ನ್ಯಾಯ? ನನಗೆ ನನ್ನ ಮೇಲೇ ಅಸಹ್ಯವಾಯಿತು.

ಪತ್ರಿಕೆ ಹರಿಯಲು ಅವರು ಎರಡೂ ಕೈಯಲ್ಲಿ ಹಿಡಿದೇಬಿಟ್ಟರು. ಕಣ್ಣು ಮುಚ್ಚಿಕೊಂಡು ಹೇಳಿಬಿಟ್ಟೆ.

‘ವೆಂಕಟರವಣಪ್ನೋರೇ, ನಾನೂ ನಿಮ್ಮೋರಿಗೆ ಹಾಕ್ಲಿಲ್ಲ. ಹೂಂ ಅಂದು ಕೈ ಕೊಟ್ಟೋಳು ನಾನೇ. ಅಶ್ವತ್ಥಪ್ಪ ಪಾಪ, ಹೇಳಿ ಮಾಡ್ದ.’

ಮೂಲೆಯಲ್ಲಿ ಪೇಪರಿನ ಪರಪರ ನಿಂತಿತು. ಬೈಯಲಿ, ಪಟ್ಟಿ ಮುಖಕ್ಕೆ ಎಸೆಯಲಿ, ನನ್ನ ಪತ್ರಿಕೆಯನ್ನೂ ವಾಪಸು ಕೇಳಲಿ ಅಂತ ಕಾದೆ. ಕಣ್ಣು ಬಿಟ್ಟು ನೋಡಿದರೆ ಅವರ ಕಣ್ಣಲ್ಲಿ ನೀರು.

‘ಎಂಥ ಮನ್ಸು ತಾಯಿ ನಿಮ್ದು! ಆ ಟೈಲರ್‌ನ ಉಳಿಸೋಕೆ ಇಲ್ಲದ ತಪ್ಪು ತಲೆ ಮೇಲೆ ಹಾಕ್ಕೊಳ್ತೀರಲ್ಲ!’

‘ಅಯ್ಯೋ, ಇಲ್ಲಪ್ಪಾ! ನಿಜವಾಗ್ಲೂ ಹಾಕ್ಲಿಲ್ಲ.’

‘ಸುಮ್ನಿರಿ ಮೇಡಮ್ಮೋರೇ. ನಿಮ್ಮಂಥೋರು ಅವನಿಗೋಸ್ಕರ ಸುಳ್ಳು ಹೇಳೋ ಮಟ್ಟಕ್ಕೆ ಬಂದ್ರಿ ಅಂದ್ಮೇಲೆ ನಾನು ಮನುಷ್ಯ ಆಗ್ಬೇಡ್ವಾ? ಈಗ್ಲೇ ಹೋಗಿ ಪತ್ರಿಕೆ ಕೊಟ್ಟು ಬರ್ತೀನಿ.’

ನಾನು ನಮ್ಮ ಮನೆಯವರ ಕಡೆ ತಿರುಗಿದೆ. ‘ರೀ, ನೀವಾದ್ರೂ ಹೇಳ್ರೀ!’

ಅವರು ಪೇಪರಿನ ಪುಟ ತಿರುವಿದರು. ‘ಅವ್ಳು ಮೊದ್ಲಿಂದ್ಲೂ ಹಂಗೇ ಬಿಡಿ ವೆಂಕಟರವಣಪ್ಪ.’

ಹೊರಗೆ ಬಂದು ನಿಂತೆ. ಬೀದಿಯ ತುದಿಯ ಅಂಗಡಿಯಲ್ಲಿ ಅಶ್ವತ್ಥಪ್ಪ ಮಿಷನ್ ಬಿಟ್ಟು ಎದ್ದು, ಕೈ ಒರೆಸಿಕೊಂಡು, ಎರಡೂ ಕೈಯಲ್ಲಿ ಪತ್ರಿಕೆ ತೆಗೆದುಕೊಂಡ. ಏನೋ ಅಂದ. ವೆಂಕಟರವಣಪ್ಪನವರು ಅವನ ಬೆನ್ನಿಗೆ ಒಂದು ಗುದ್ದು ಕೊಟ್ಟರು. ಇಬ್ಬರೂ ಟೀ ಅಂಗಡಿ ಕಡೆ ನಡೆದರು. ನನಗೆ ಎಷ್ಟು ಸಮಾಧಾನವಾಯಿತು ಅಂತ ಹೇಳಲಾರೆ.

ಈಗ ಬೀದಿಯಲ್ಲಿ ನನ್ನ ಮರ್ಯಾದೆ ಇನ್ನೂ ಹೆಚ್ಚಿದೆ. ಹಾಲು ತರಲು ಹೋದರೂ ಕೈ ಮುಗಿಯುತ್ತಾರೆ. ಮೊನ್ನೆ ಅಶ್ವತ್ಥಪ್ಪನೇ ಬಂದು, ‘ನನಗೋಸ್ಕರ ಅಷ್ಟು ದೊಡ್ಡ ಸುಳ್ಳು ಹೇಳಿದ್ರಂತಲ್ಲಮ್ಮಾ’ ಅಂತ ರವಿಕೆ ಬಟ್ಟೆ ಕೊಟ್ಟು ಹೋದ. ಅವನಿಗೂ ವಿವರಿಸಿ ನೋಡಿದೆ. ಅವನೂ ನಂಬಲಿಲ್ಲ.

ಈ ಎಲೆಕ್ಷನ್ನಿನಲ್ಲಿ ನಾನು ಹೇಳಿದ್ದು ಒಂದೇ ಒಂದು ನಿಜ. ಅದಕ್ಕೆ ಒಂದು ವೋಟೂ ಬೀಳಲಿಲ್ಲ!