ಸಿಯೋಲಿನಲ್ಲಿ ಅತ್ತೆಯ ಊಟ

ಗೋವಿಂದರಾಜನಗರದಲ್ಲಿ ನಮ್ಮದೊಂದು ಪೇಂಟ್ ಅಂಗಡಿ. ಆ ವರ್ಷ ಟಾರ್ಗೆಟ್ ಮುಟ್ಟಿದ ಡೀಲರುಗಳಿಗೆ ಕಂಪನಿಯವರು ಕೊರಿಯಾ ಟೂರ್ ಕೊಟ್ಟರು, ಜೋಡಿಗೆ. ಹೊರಡಲು ತಿಂಗಳಿದೆ ಎನ್ನುವಾಗ ನನ್ನ ಯಜಮಾನರು ಬಣ್ಣದ ಡ್ರಮ್ಮು ಎತ್ತಲು ಹೋಗಿ ಸೊಂಟ ಹಿಡಿಸಿಕೊಂಡು ಮಲಗಿದರು. "ಟಿಕೆಟ್ ಯಾಕೆ ದಂಡ ಮಾಡ್ತೀಯ, ಅಮ್ಮನ್ನ ಕರ್ಕೊಂಡು ಹೋಗು" ಅಂದರು. ಹೀಗೆ ದಾವಣಗೆರೆ ಕಡೆಯಿಂದ ಬಂದು ಐವತ್ತು ವರ್ಷವಾದರೂ ಬಸವೇಶ್ವರನಗರ ದಾಟಿದರೆ ಮೆಜೆಸ್ಟಿಕ್ಕೇ ದೂರ ಎನ್ನುತ್ತಿದ್ದ ನಮ್ಮತ್ತೆ, ಎಪ್ಪತ್ತನಾಲ್ಕನೇ ವಯಸ್ಸಿನಲ್ಲಿ, ಹಣೆ ತುಂಬ ವಿಭೂತಿ ಇಟ್ಟುಕೊಂಡು ನನ್ನ ಪಕ್ಕ ವಿಮಾನದಲ್ಲಿ ಕೂತರು. ಚೀಲದಲ್ಲಿ ಎರಡು ಕಟ್ಟು ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ.

ಅತ್ತೆಗೆ ಒಂದು ಪದ್ಧತಿ ಉಂಟು. ಊಟವೆಂದರೆ ಅವರಿಗೆ ಪ್ರಸಾದ. ತಟ್ಟೆಯಲ್ಲಿ ಒಂದು ಅಗುಳೂ ಉಳಿಯಬಾರದು. ಕೊನೆಗೆ ತಟ್ಟೆಗೆ ನೀರು ಹಾಕಿ, ಬೆರಳಿನಿಂದ ಸುತ್ತ ತೊಳೆದು, ಆ ನೀರನ್ನೂ ಕುಡಿದೇ ಏಳುತ್ತಾರೆ. ಮನೆಯಲ್ಲಿ ನೋಡಿ ನೋಡಿ ನನಗೆ ಅದು ಕಣ್ಣಿಗೇ ಬೀಳುತ್ತಿರಲಿಲ್ಲ. ಮದುವೆ ಮನೆಗಳಲ್ಲಿ ಮಾತ್ರ ಬೇಕೆಂದೇ ಬೇರೆ ಸಾಲಿನಲ್ಲಿ ಕೂರುತ್ತಿದ್ದೆ. ಸುಳ್ಳು ಯಾಕೆ ಹೇಳಲಿ, ನಾಚಿಕೆಯಾಗುತ್ತಿತ್ತು.

ಸಿಯೋಲ್ ತಲುಪಿದ ಸಂಜೆ ಹೋಟೆಲಿನ ಹಾಲಿನಲ್ಲಿ ನಮ್ಮ ಗುಂಪಿಗೆಂದೇ ಅನ್ನ, ಸಾಂಬಾರು ಮಾಡಿಸಿದ್ದರು. ಡೀಲರುಗಳು, ಅವರ ಹೆಂಡತಿಯರು, ಕಂಪನಿಯ ದೊಡ್ಡ ಸಾಹೇಬರು. ಅತ್ತೆ ಮೊಸರನ್ನ ಮುಗಿಸಿ, ತಟ್ಟೆಗೆ ನೀರು ಹಾಕಿ, ತೊಳೆದು ಕುಡಿದರು. ಎದುರಿಗಿದ್ದ ಇನ್ನೊಬ್ಬ ಡೀಲರನ ಹೆಂಡತಿ ಕುರ್ಚಿಯನ್ನು ಒಂದು ಗೇಣು ಹಿಂದಕ್ಕೆ ಎಳೆದುಕೊಂಡಳು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಲಿಫ್ಟಿನ ಬಾಗಿಲು ಮುಚ್ಚಿದ್ದೇ ತಡ ಅಂದುಬಿಟ್ಟೆ.

"ಅತ್ತೆ, ಇದು ಹೊರದೇಶ. ಇಲ್ಲಾದ್ರೂ ಆ ತಟ್ಟೆ ತೊಳ್ಕೊಂಡು ಕುಡಿಯೋದು ಬಿಡಿ. ಎಲ್ಲರ ಮುಂದೆ ನನ್ನ ಮಾನ ಹೋಗುತ್ತೆ."

"ಆಯ್ತವ್ವ" ಅಂದರು, ಅಷ್ಟೇ.

ಮಾರನೆಯ ದಿನದಿಂದ ಅತ್ತೆ ಊಟಕ್ಕೇ ಬರಲಿಲ್ಲ. ಕರೆದರೆ "ಹಸಿವಿಲ್ಲ, ನೀ ಹೋಗಿ ಬಾ." ರೂಮಿನಲ್ಲಿ ಕೂತು ರೊಟ್ಟಿ ಮುರಿದು ಅಂಗೈಯಲ್ಲೇ ಚಟ್ನಿಪುಡಿ ಹಾಕಿಕೊಂಡು ತಿನ್ನುವುದು, ಒಂದು ಬಾಳೆಹಣ್ಣು, ನೀರು. ಸಕ್ಕರೆ ಕಾಯಿಲೆಯ ಮಾತ್ರೆ ಬೇರೆ ನುಂಗುತ್ತಾರೆ. ಎರಡು ದಿನ ಹೀಗೇ ನಡೆಯಿತು. ಮೂರನೆಯ ಬೆಳಗ್ಗೆ ಸೆರಗಿಗೆ ಪಿನ್ನು ಹಾಕಿಕೊಳ್ಳುವಾಗ ಅವರ ಕೈ ನಡುಗುತ್ತಿತ್ತು. ನನಗೆ ಭಯವಾಯಿತು. ಭಯದ ಹಿಂದೆಯೇ ಸಿಟ್ಟೂ ಬಂತು. ನನ್ನ ಮೇಲಿನ ಹಟಕ್ಕೆ ಉಪವಾಸ ಕೂತಿದ್ದಾರೆ, ಪರದೇಶದಲ್ಲಿ ಏನಾದರೂ ಆದರೆ ಮನೆಗೆ ಹೋಗಿ ಯಾವ ಮುಖ ತೋರಿಸಲಿ ಅಂದುಕೊಂಡೆ.

ಮಧ್ಯಾಹ್ನ ಗುಂಪು ಶಾಪಿಂಗಿಗೆ ಹೊರಟಿತು. ನಾವಿಬ್ಬರೇ ಉಳಿದೆವು. ಹೇಗಾದರೂ ಮಾಡಿ ಅವರ ಹೊಟ್ಟೆಗೆ ಬಿಸಿ ಅನ್ನ ಬೀಳಲೇಬೇಕೆಂದು ಹೋಟೆಲಿನ ಹಿಂದಿನ ಓಣಿಗೆ ನಡೆಸಿಕೊಂಡು ಹೋದೆ. ಅಲ್ಲೊಂದು ಮನೆಯಂಥ ಊಟದ ಅಂಗಡಿ. ಅತ್ತೆಗಿಂತ ಐದಾರು ವರ್ಷ ಚಿಕ್ಕವಳಿರಬಹುದಾದ ಯಜಮಾನಿ ಬಾಗಿಲ ಪಕ್ಕದ ಜಗಲಿಯಲ್ಲಿ ಪೇಪರ್ ಹರಡಿಕೊಂಡು ಮೊಳಕೆ ಕಾಳಿನ ಬಾಲ ಚಿವುಟುತ್ತಿದ್ದಳು. ನಾನು ಮೆನು ಬೋರ್ಡು ನೋಡುವಷ್ಟರಲ್ಲಿ ಅತ್ತೆ ಅವಳ ಎದುರು ಕೂತು ತಾವೂ ನಾಲ್ಕು ಚಿವುಟಿದ್ದಾಯಿತು. ಅವಳು ನಕ್ಕಳು. ಎರಡು ದಿನದಲ್ಲಿ ಅತ್ತೆ ನಕ್ಕಿದ್ದೂ ಆಗಲೇ.

ಮಾಂಸ, ಮೀನು, ಮೊಟ್ಟೆ ಏನೂ ಬೇಡ ಎಂದು ಅವರ ಭಾಷೆಯಲ್ಲಿ ಬರೆದ ಚೀಟಿಯನ್ನು ಗೈಡ್ ನಮಗೆಲ್ಲ ಕೊಟ್ಟಿದ್ದ. ಯಜಮಾನಿ ಅದನ್ನು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದಳು. ಆಮೇಲೆ ಮೇಜಿನ ಮೇಲಿದ್ದ ಕೆಂಪು ಎಲೆಕೋಸಿನ ಉಪ್ಪಿನಕಾಯಿಯನ್ನು ತೋರಿಸಿ, ಅದರಲ್ಲಿ ಮೀನಿದೆ ಎಂದು ಅಂಗೈಯನ್ನು ಮೀನಿನಂತೆ ಅಲ್ಲಾಡಿಸಿ, ಎತ್ತಿಕೊಂಡು ಹೋದಳು. ಚಪ್ಪಲಿ ಬಿಟ್ಟು ನೆಲಕ್ಕೆ ಹಾಕಿದ್ದ ದಿಂಬುಗಳ ಮೇಲೆ ಕೂತೆವು. ಎಳ್ಳೆಣ್ಣೆ ಹಾಕಿದ ಸೊಪ್ಪು, ಮೊಳಕೆ ಕಾಳು, ಮೂಲಂಗಿ, ತೋಫು, ಎಲ್ಲ ಪುಟ್ಟ ಪುಟ್ಟ ಬಟ್ಟಲುಗಳಲ್ಲಿ ಬಂದವು. ಒಬ್ಬೊಬ್ಬರಿಗೆ ಒಂದೊಂದು ಕಲ್ಲಿನ ಗಡಿಗೆಯಲ್ಲಿ ಹೊಗೆಯಾಡುವ ಅನ್ನ, ಬಡಿಸಿಕೊಳ್ಳಲು ಸ್ಟೀಲ್ ಬಟ್ಟಲು.

"ನಂಗೆ ಬ್ಯಾಡವ್ವ, ನೀ ತಿನ್ನು" ಅಂದರು ಅತ್ತೆ.

"ಇನ್ನೂ ಎಷ್ಟು ದಿನ ಈ ಮುನಿಸು?" ಅಂದೆ. ನನ್ನ ದನಿ ಏರಿತ್ತು. ಅತ್ತೆ ತಲೆ ತಗ್ಗಿಸಿದರು.

ಯಜಮಾನಿಗೆ ಏನು ಅರ್ಥವಾಯಿತೋ, ಬಂದು ಅತ್ತೆಯ ಪಕ್ಕ ಮಂಡಿಯೂರಿದಳು. ಗಡಿಗೆಯ ಅನ್ನವನ್ನೆಲ್ಲ ಬಟ್ಟಲಿಗೆ ತೋಡಿದಳು. ತಳಕ್ಕೆ ಹತ್ತಿ ಕೆಂಪಾಗಿದ್ದ ಅನ್ನಕ್ಕೆ ಕೆಟಲಿನಿಂದ ಬಿಸಿನೀರು ಹುಯ್ದು ಮುಚ್ಚಳ ಮುಚ್ಚಿ, ನನ್ನ ಗಡಿಗೆಗೂ ಹಾಗೇ ಮಾಡಿ, ಇದು ಕೊನೆಗೆ ಎಂಬಂತೆ ಕೈಸನ್ನೆ ಮಾಡಿ, ಪಕ್ಕದವರತ್ತ ತೋರಿಸಿದಳು. ಅಲ್ಲಿ ಇಬ್ಬರು ಮುದುಕರು ಊಟ ಮುಗಿಸಿ ಗಡಿಗೆಯ ತಳವನ್ನು ಚಮಚದಿಂದ ಕೆರೆದು ಕೆರೆದು ಆ ನೀರು ಕುಡಿಯುತ್ತಿದ್ದರು.

"ಪಾತ್ರೆ ತೊಳೆದ ನೀರು ಕುಡೀತಾರೇನು ಇವರು?" ಅತ್ತೆ ಕೇಳಿದರು.

"ಹಾಗೇ ಕಾಣುತ್ತೆ" ಅಂದೆ.

ಅತ್ತೆ ಬಹಳ ಹೊತ್ತು ಅವರನ್ನೇ ನೋಡಿದರು. ಆಮೇಲೆ ಬಟ್ಟಲು ಹತ್ತಿರಕ್ಕೆ ಎಳೆದುಕೊಂಡು, ಚಮಚ ಪಕ್ಕಕ್ಕಿಟ್ಟು, ಕೈಯಲ್ಲೇ ಕಲಸಿ ಉಂಡರು. ಯಜಮಾನಿ ಎರಡು ಸಲ ಮೊಳಕೆ ಕಾಳು ತಂದು ಬಡಿಸಿದಳು, ಎರಡು ಸಲವೂ ಖಾಲಿ ಮಾಡಿದರು. ಅಷ್ಟು ಹಸಿದಿದ್ದರು ನಮ್ಮತ್ತೆ.

ಕೊನೆಗೆ ಗಡಿಗೆಯ ಮುಚ್ಚಳ ತೆಗೆದು, ಅದನ್ನು ಕೈಯಲ್ಲಿ ಹಾಗೇ ಹಿಡಿದುಕೊಂಡು, ನನ್ನ ಮುಖ ನೋಡಿದರು.

"ಕುಡೀಲಾ?"

ನನ್ನನ್ನು ಮನೆ ತುಂಬಿಸಿಕೊಂಡ ಹೆಂಗಸು, ನನ್ನ ಎರಡು ಬಾಣಂತನ ಮಾಡಿದ ಹೆಂಗಸು, ನನ್ನ ಅಪ್ಪಣೆ ಕೇಳುತ್ತಿದ್ದಾರೆ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಳು ಬಂತು, ತಡೆಯಲೂ ಇಲ್ಲ.

"ಕುಡೀರಿ ಅತ್ತೆ. ನಾನು ಹಾಗನ್ನಬಾರದಿತ್ತು. ತಪ್ಪಾಯ್ತು. ಆದ್ರೆ ನನ್ನ ಮೇಲಿನ ಸಿಟ್ಟಿಗೆ ಊಟ ಯಾಕೆ ಬಿಟ್ರಿ?"

"ಸಿಟ್ಟು ಎಲ್ಲಿ ಬಂತವ್ವ?" ಅವರಿಗೆ ನಿಜವಾಗಿ ಆಶ್ಚರ್ಯವಾಗಿತ್ತು. "ತಟ್ಟೆ ತೊಳೀಬ್ಯಾಡ್ರಿ ಅಂದಿ. ತೊಳೀದೆ ಏಳಾಕೆ ನಂಗಾಗಲ್ಲ. ಎಂಟು ವರ್ಷಕ್ಕೆ ದೀಕ್ಷೆ ಆದಾಗಿಂದ ಒಂದು ದಿನ ತಪ್ಪಿಸಿಲ್ಲ. ಅದಕ್ಕೆ ತಟ್ಟೇನೇ ಮುಟ್ಟಲಿಲ್ಲ. ನಿನ್ನ ಮಾತೂ ಉಳೀತು, ನನ್ನ ನೇಮಾನೂ ಉಳೀತು."

ಎರಡು ದಿನ ನಾನು ಹಟ ಅಂದುಕೊಂಡದ್ದು ಇದು. ನನ್ನ ಗಡಿಗೆಯ ನೀರನ್ನೂ ಬಟ್ಟಲಿಗೆ ಬಗ್ಗಿಸಿಕೊಂಡು ಕುಡಿದೆ. ಸೀದ ಅನ್ನದ ವಾಸನೆ, ಬೆಚ್ಚಗೆ, ಚೆನ್ನಾಗಿಯೇ ಇತ್ತು. ಅತ್ತೆ ತಮ್ಮದನ್ನು ಮುಗಿಸಿ, ಸ್ಟೀಲ್ ಬಟ್ಟಲಿಗೂ ನೀರು ಹಾಕಿ ತೊಳೆದು ಕುಡಿದರು.

ಅಂದು ಸಂಜೆ ಹೋಟೆಲಿನ ಹಾಲಿಗೆ ಅವರನ್ನು ನಾನೇ ಕೈ ಹಿಡಿದು ಕರೆದುಕೊಂಡು ಹೋದೆ. ತಟ್ಟೆ ತುಂಬ ಬಡಿಸಿ, ಪಕ್ಕದಲ್ಲಿ ನೀರಿನ ಲೋಟ ಇಟ್ಟೆ. ಅತ್ತೆ ನಿಧಾನವಾಗಿ ಉಂಡರು, ತಟ್ಟೆ ತೊಳೆದರು, ಕುಡಿದರು. ಅದೇ ಡೀಲರನ ಹೆಂಡತಿ ಎದುರಿಗೇ ಇದ್ದಳು.

"ಅಜ್ಜಿ ಎರಡು ದಿನ ಊಟಕ್ಕೇ ಬರ್ಲಿಲ್ಲ, ಯಾಕೆ?" ಅಂತ ನನ್ನನ್ನು ಕೇಳಿದಳು.

ಹೇಳಿಯೇ ಬಿಡೋಣ ಅಂದುಕೊಂಡೆ. "ಅದು ನನ್ನಿಂದಾನೇ ಕಣ್ರೀ. ನಾನೇ ಅವರಿಗೆ..." ಅನ್ನುವಷ್ಟರಲ್ಲಿ ಮೇಜಿನ ಕೆಳಗೆ ಅತ್ತೆಯ ಕೈ ನನ್ನ ಮಂಡಿಯನ್ನು ಗಟ್ಟಿಯಾಗಿ ಅದುಮಿತು.

"ನಂಗೆ ಹೊಟ್ಟೆ ಸರಿ ಇರಲಿಲ್ಲವ್ವ" ಅಂದರು ಅವಳಿಗೆ. "ಪಾಪ, ಈಕೀನೇ ಎರಡು ದಿನ ಊಟ ನಿದ್ದೆ ಬಿಟ್ಟು ನನ್ನ ನೋಡ್ಕೊಂಡ್ಲು."

ಇಪ್ಪತ್ತಾರು ವರ್ಷದ ಸಂಸಾರದಲ್ಲಿ ನಮ್ಮತ್ತೆ ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.