ಸರ್ವಮಂಗಳಮ್ಮನ ತೀರ್ಥದ ಚಮಚ

ಚೆನ್ನೈಯ ವೆಸ್ಟ್ ಮಾಂಬಲಂನ ಆ ಮನೆಯಲ್ಲಿ, ಬೆಳಗಿನ ಪೂಜೆ ಮುಗಿಯುವವರೆಗೆ ಸರ್ವಮಂಗಳಮ್ಮನನ್ನು ಯಾರೂ ಮುಟ್ಟುವಂತಿಲ್ಲ. ಮಡಿಸೀರೆ ಉಟ್ಟು ಅವಳು ಓಡಾಡುತ್ತಿದ್ದರೆ ಗಂಡ ಮುರಿಗೆಪ್ಪನೂ ಗೋಡೆಗೆ ಅಂಟಿಕೊಂಡೇ ನಡೆಯಬೇಕು. ಸೌಕಾರ್‌ಪೇಟೆಯ ತನ್ನ ಬಟ್ಟೆ ಅಂಗಡಿಯಲ್ಲಿ ಎಂಥ ಗಿರಾಕಿಯನ್ನೂ ಬಗ್ಗಿಸುವ ಆಸಾಮಿ, ಮನೆಯಲ್ಲಿ ಬಾಯಿ ಬಿಡುವುದಿಲ್ಲ. ಗದಗಿನಿಂದ ಮದುವೆಯಾಗಿ ಬಂದಾಗ ಒಂದಕ್ಷರ ತಮಿಳು ಬಾರದಿದ್ದವಳು, ಈಗ ತಮಿಳಿನಲ್ಲೇ ಚೌಕಾಸಿ ಮಾಡಿ ತರಕಾರಿಯವನನ್ನು ಅಳಿಸುತ್ತಾಳೆ.

ಪೂಜೆ ಮುಗಿದದ್ದೇ ತಡ, ಒಂದೂವರೆ ವರ್ಷದ ಮೊಮ್ಮಗಳು ವೀಕ್ಷಾ ದೂರ ನಿಂತು ಅಂಗೈ ಚಾಚುತ್ತಾಳೆ. ಅಜ್ಜಿ ಬೆಳ್ಳಿ ಚಮಚದಿಂದ ತೀರ್ಥ ಬಿಟ್ಟರೆ ಸುರ್ರನೆ ಹೀರಿ ಮತ್ತೆ ಕೈ ಚಾಚುತ್ತಾಳೆ.

ಆ ಸೋಮವಾರ ಕೂಸು ಕೈ ಚಾಚಲಿಲ್ಲ. ಬೆಳಗಿನಿಂದಲೇ ನೀರಿನಂಥ ಭೇದಿ. ಮಗ ಕೆಲಸದ ಮೇಲೆ ಪರಊರಿಗೆ ಹೋಗಿದ್ದ; ಸೊಸೆ ಜ್ಯೋತಿ ಎಗ್ಮೋರಿನ ಆಫೀಸಿಗೆ ರಜೆ ಹಾಕಿದಳು.

"ನೀರ ಕೊಡಬ್ಯಾಡ," ಎಂದಳು ಸರ್ವಮಂಗಳಮ್ಮ. "ಕೊಟ್ಟಷ್ಟೂ ಹೊರಗ ಬರತೈತಿ. ಹಲ್ಲು ಬರೂ ಮುಂದ ಇದೆಲ್ಲ ಇದ್ದದ್ದ. ಹೊಟ್ಟಿ ಖಾಲಿ ಇಟ್ರ ತಾನ ಕಟ್ಟತೈತಿ."

ಚೆನ್ನೈಯಲ್ಲೇ ಹುಟ್ಟಿ ಬೆಳೆದ ಜ್ಯೋತಿಗೆ ಇದು ತಪ್ಪೆಂದು ಗೊತ್ತಿತ್ತು. ಅತ್ತೆಯ ಕಣ್ಣು ತಪ್ಪಿಸಿ ಓಆರ್‌ಎಸ್ ಪುಡಿ ತಂದಳು. ಆದರೆ ಬೇಗ ಗುಣವಾಗಲೆಂದು, ಒಂದು ಲೀಟರ್ ನೀರಿಗೆ ಹಾಕಬೇಕಾದ ಪುಡಿಯನ್ನೆಲ್ಲ ಒಂದೇ ಲೋಟಕ್ಕೆ ಸುರಿದಳು! ವೀಕ್ಷಾ ಒಂದು ಗುಟುಕಿಗೇ ಮುಖ ಕಿವುಚಿ ಉಗುಳಿದಳು. ಮಧ್ಯಾಹ್ನದ ಹೊತ್ತಿಗೆ ಕೂಸಿನ ತುಟಿ ಒಣಗಿತು. ಅತ್ತರೂ ಕಣ್ಣೀರು ಬರಲಿಲ್ಲ. ಆಗ ಇಬ್ಬರ ಜಂಭವೂ ಇಳಿಯಿತು.

ಬೀದಿಯ ಕೊನೆಯಲ್ಲಿದ್ದ ಡಾಕ್ಟರಮ್ಮ ಮಗುವನ್ನು ನೋಡಿ, ಇಬ್ಬರಿಗೂ ತಮಿಳಿನಲ್ಲಿ ಚೆನ್ನಾಗಿ ಮಂಗಳಾರತಿ ಎತ್ತಿದರು. ಒಬ್ಬಳು ನೀರು ನಿಲ್ಲಿಸಿದ್ದಕ್ಕೆ, ಇನ್ನೊಬ್ಬಳು ಉಪ್ಪು ಕುಡಿಸಿದ್ದಕ್ಕೆ. ಹೋದ ನೀರು ಒಳಗೆ ಸೇರಲೇಬೇಕು, ತಾಯಿಹಾಲು, ಮೊಸರನ್ನ ಯಾವುದನ್ನೂ ನಿಲ್ಲಿಸಬೇಡಿ ಎಂದು ಹೇಳಿ, ಜಿಂಕ್ ಔಷಧಿ ಬರೆದುಕೊಟ್ಟರು. "ಓಆರ್‌ಎಸ್ ಕೊಂಜಂ ಕೊಂಜಮಾ ಕುಡುಂಗೋ," ಎಂದು, ಸ್ವಲ್ಪ ಸ್ವಲ್ಪವೇ ಕೊಡಬೇಕೆಂಬುದನ್ನು ಚಮಚ ಹಿಡಿದಂತೆ ಕೈಯಾಡಿಸಿ ತೋರಿಸಿದರು. ಕತ್ತಲಾಗುವುದರೊಳಗೆ ಮಗು ಉಚ್ಚೆ ಹೊಯ್ಯದಿದ್ದರೆ ಆಸ್ಪತ್ರೆಗೆ ಸೇರಿಸಿ ಡ್ರಿಪ್ ಹಾಕಬೇಕಂತೆ.

ಆಟೋದಲ್ಲಿ ಸರ್ವಮಂಗಳಮ್ಮ ತೊಡೆಯ ಮೇಲಿದ್ದ ಪುಟ್ಟ ಅಂಗೈಯನ್ನೇ ನೋಡುತ್ತಿದ್ದಳು. ಇಷ್ಟು ಸಣ್ಣ ಕೈಗೆ ಸೂಜಿಯೇ?

ಮನೆಯಲ್ಲಿ ಜ್ಯೋತಿ ಈ ಸಲ ಸರಿಯಾಗಿ ಅಳೆದು, ಕುದಿಸಿ ಆರಿಸಿದ ನೀರಿಗೆ ಪುಡಿ ಬೆರೆಸಿದಳು. ಆದರೆ ಬೆಳಗಿನ ರುಚಿ ನೆನಪಿದ್ದ ವೀಕ್ಷಾ ಲೋಟ ಕಂಡೊಡನೆ ಬಾಯಿ ಬಿಗಿದಳು. ಅಷ್ಟರಲ್ಲಿ ಅತ್ತೆ ಸ್ನಾನ ಮಾಡಿ, ಮಡಿಸೀರೆ ಉಟ್ಟು ದೇವರ ಮುಂದೆ ಕೂತಳು.

"ಇಪ್ಪ ಪೂಜೆಯಾ ಅತ್ತೆ, ಈ ಹೊತ್ತಲ್ಲಿ?" ಜ್ಯೋತಿಗೆ ಅಳುವೇ ಬಂತು.

ಸರ್ವಮಂಗಳಮ್ಮ ಅವಳ ಕೈಯಿಂದ ಲೋಟ ಇಸಿದುಕೊಂಡಳು. ಓಆರ್‌ಎಸ್ ನೀರನ್ನು ತೀರ್ಥದ ಬಟ್ಟಲಿಗೆ ಸುರಿದು, ಬೆಳ್ಳಿ ಚಮಚ ಎತ್ತಿ, "ವೀಕ್ಷಾ, ತೀರ್ಥ!" ಎಂದಳು.

ಸೋತುಹೋಗಿದ್ದ ಕೂಸು ಕಣ್ಣು ತೆರೆಯಿತು. ನಿಧಾನವಾಗಿ ಅಂಗೈ ಚಾಚಿತು.

ಅಜ್ಜಿ ಆ ಕೈಯನ್ನು ಹಿಡಿದು, ಚಮಚವನ್ನು ನೇರ ಬಾಯಿಗೇ ಇಟ್ಟಳು. ಕೂಸು ಹೀರಿತು. ಸ್ವಲ್ಪ ತಡೆದು ಇನ್ನೊಂದು ಚಮಚ, ಮತ್ತೊಂದು. ನಡುವೆ ಒಮ್ಮೆ ವಾಂತಿಯಾದಾಗ ಸುಧಾರಿಸಿಕೊಳ್ಳಲು ಬಿಟ್ಟು ಮತ್ತೆ ಶುರು. ಅಂಗಡಿಯಿಂದ ಓಡಿಬಂದ ಮುರಿಗೆಪ್ಪ ಇದನ್ನು ನೋಡಿ, "ದೇವರ ಚಮಚಾ ಎಂಜಲಾತಲ್ಲ?" ಎಂದ.

"ದೇವರ ಕೂಡ ನಾ ಮಾತಾಡ್ಕೋತೀನಿ. ನೀವು ಮೊಸರನ್ನ ಕಲಸ್ರಿ."

ಮುರಿಗೆಪ್ಪ ಕೈ ತೊಳೆದು ಅನ್ನ ಕಲಸಲು ಕೂತ.

ಬೀದಿ ದೀಪ ಹತ್ತುವ ಹೊತ್ತಿಗೆ ಎರಡು ತುತ್ತು ತಿಂದ ವೀಕ್ಷಾ ಅಜ್ಜಿಯ ತೊಡೆಯ ಮೇಲೆ ನಿದ್ದೆ ಹೋಗಿದ್ದಳು. ಇನ್ನು ಆಸ್ಪತ್ರೆಗೆ ಹೊರಡುವುದೇ ಸರಿ ಎಂದು ಜ್ಯೋತಿ ಚೀಲ ತುಂಬುತ್ತಿದ್ದಳು. ಆಗ ಸರ್ವಮಂಗಳಮ್ಮನ ತೊಡೆ ಬೆಚ್ಚಗಾಯಿತು.

"ಜ್ಯೋತೀ! ಉಚ್ಚಿ ಹೊಯ್ದಳವಾ ನನ್ನ ಬಂಗಾರ!"

ಗಾಬರಿಯಿಂದ ಕೆಳಗಿಣುಕಿದ ಮಹಡಿ ಮನೆಯ ನೆರೆಯಾಕೆ ಸರಸಳಿಗೂ ಸುದ್ದಿ ತಮಿಳಿನಲ್ಲಿ ತಲುಪಿತು. ಮಗನ ಮದುವೆಯ ಸುದ್ದಿಯನ್ನೂ ಸರ್ವಮಂಗಳಮ್ಮ ಹೀಗೆ ಕೂಗಿ ಹೇಳಿದವಳಲ್ಲ.

"ಮಡಿ ಕೆಟ್ಟತಲ್ಲ, ಸೀರಿ ಬದಲಿ ಮಾಡು," ಎಂದು ಮುರಿಗೆಪ್ಪ ಕೆಣಕಿದ.

"ಕೂಸು ಮಲಗೈತಿ, ಸುಮ್ನಿರ್ರಿ."

ಜ್ಯೋತಿ ಹಿಂದಿನಿಂದ ಬಂದು ಅತ್ತೆಯ ಹೆಗಲಿಗೆ ಮುಖ ಒತ್ತಿ ಅತ್ತಳು. ಸರ್ವಮಂಗಳಮ್ಮ ದೂರ ಸರಿ ಎನ್ನಲಿಲ್ಲ. ಒದ್ದೆ ಸೀರೆಯಲ್ಲೇ ಕೂತು ಸೊಸೆಯ ತಲೆ ಸವರಿದಳು. "ಅಳೂದು ಸಾಕು. ಎದ್ದ ಕೂಡಲೇ ತೀರ್ಥ ಕೇಳತಾಳ, ಬಟ್ಟಲಾ ತುಂಬಿಡು."